ಹಾಡು ಕೇಳಿಸದ ಕುಣಿತದ ಯಂತ್ರ

ನಿನ್ನೆ ಸಂಜೆ ಶಿವಮೊಗ್ಗದ ಒಂದು ಗೇಮ್ ಝೋನ್‌ನಲ್ಲಿ ಕಂಡದ್ದನ್ನು ಬರೆದು ಹೊರಹಾಕದಿದ್ದರೆ ಇವತ್ತೂ ನನಗೆ ನಿದ್ದೆ ಹತ್ತುವುದಿಲ್ಲ. ಅಲ್ಲೊಂದು ಕುಣಿತದ ಯಂತ್ರವಿದೆ. ಪರದೆಯ ಬಾಣ ಮೇಲಿನ ಗೆರೆಯನ್ನು ಮುಟ್ಟುವ ಗಳಿಗೆಗೆ, ಹಾಡಿನ ತಾಳಕ್ಕೆ ಸರಿಯಾಗಿ, ಕಾಲಡಿಯ ಅದೇ ಬಾಣವನ್ನು ತುಳಿಯುವ ಆಟ. ತುಳಿಯಲು ಐದು ಪ್ಯಾನೆಲ್‌ಗಳಿರುವ ಕೊರಿಯನ್ ಮಾದರಿಯದು. ನಾಲ್ಕು ಮೂಲೆಗಳಿಗೆ ನಾಲ್ಕು ಬಾಣ, ನಡುವೆ ಹಳದಿಯದೊಂದು ಚೌಕ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಅದರ ಮೇಲೆ ನಿಂತು, ಪರದೆಯಲ್ಲಿ ಕೆಳಗಿನಿಂದ ಮೇಲಕ್ಕೆ ಏರಿಬರುವ ಬಾಣಗಳನ್ನು ಕಣ್ಣು ಮಿಟುಕಿಸದೆ ನೋಡುತ್ತ, ಒಂದೊಂದನ್ನೂ ಕೂದಲೆಳೆಯಷ್ಟು ತಡವಾಗಿ ತುಳಿಯುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಅಪ್ಪ "ಸ್ಕ್ರೀನ್ ನೋಡು, ಸರಿಯಾಗಿ ನೋಡು" ಎಂದು ಗದರುತ್ತಲೇ ಇದ್ದರು. ಹಾಡು ಮುಗಿಯುವ ಮೊದಲೇ ಯಂತ್ರ ಆಟ ಮುಗಿಸಿದಾಗ ಅವರು ಹೆಂಡತಿಯ ಕಡೆ ತಿರುಗಿ "ಇವಳಿಗೆ ತಾಳಗೀಳ ಏನೂ ಬರಲ್ಲ ಬಿಡು" ಎಂದು ತೀರ್ಪನ್ನೂ ಕೊಟ್ಟುಬಿಟ್ಟರು.

ಹಾಡು ಎಂದೆನಲ್ಲ, ಆ ಹಾಡು ಅಲ್ಲಿದ್ದ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಪಕ್ಕದ ಬೈಕ್ ರೇಸಿನ ಯಂತ್ರ ಇಡೀ ಮಹಡಿ ನಡುಗುವಂತೆ ಅಬ್ಬರಿಸುತ್ತಿದ್ದರೆ, ಕುಣಿತದ ಯಂತ್ರದ ಸದ್ದನ್ನು ಪಿಸುಮಾತಿಗಿಂತ ಕೆಳಗೆ ಇಳಿಸಿಟ್ಟಿದ್ದರು. ಏಕೆಂದು ವಿಚಾರಿಸಿದರೆ, ನೋಡಿಕೊಳ್ಳುವ ಹುಡುಗ "ಹಾಡಿನ ಸೌಂಡ್ ಜಾಸ್ತಿಯಾದರೆ ಕಂಪ್ಲೇಂಟ್ ಬರುತ್ತೆ ಸಾರ್" ಎಂದ. ಬೈಕಿನ ಸದ್ದಿಗೆ ಕಂಪ್ಲೇಂಟ್ ಬರುವುದಿಲ್ಲವಂತೆ! ತಾಳದ ಆಟವನ್ನು ಸದ್ದಡಗಿಸಿ ಆಡಿಸುವುದು, ಆಮೇಲೆ ಆಡಿದ ಮಗುವಿಗೆ ತಾಳವಿಲ್ಲ ಎನ್ನುವುದು, ಇದು ಯಾವ ಊರಿನ ನ್ಯಾಯ?

ನನ್ನ ಈ ಹೊಸ ಹುಚ್ಚು ನಿಮಗೆಲ್ಲ ಗೊತ್ತಿರುವುದೇ. ಮಳೆಗಾಲದಲ್ಲಿ ವಾಕಿಂಗ್ ತಪ್ಪಿಹೋಗುತ್ತದೆ ಎಂದು ಮನೆಯವರಿಗೆ ಹೇಳಿ ಕಂಪ್ಯೂಟರಿಗೆ ಜೋಡಿಸಿ ತುಳಿಯುವ ಕುಣಿತದ ಮ್ಯಾಟ್ ತರಿಸಿಕೊಂಡವನು ನಾನು. ಅದು ಶುದ್ಧ ನೆಪ. ವಾಕಿಂಗ್ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಐವತ್ತು ದಾಟಿದ ಮೇಲೂ ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಕುಣಿಯಬೇಕೆಂಬ ಆಸೆಯಷ್ಟೇ ನಿಜ. ಹೀಗಾಗಿ ಈ ವಿಷಯದಲ್ಲಿ ನಾನಿನ್ನೂ ಹೊಸಬನೇ. ಹೊಸಬನಾದ್ದರಿಂದಲೇ ಹೇಳುತ್ತೇನೆ, ಹೊಸಬರಿಗೆ ಈ ಆಟವನ್ನು ಕಲಿಸುವವರೆಲ್ಲ, ಯಂತ್ರದ ಮಾಲೀಕರಿಂದ ಹಿಡಿದು ಯೂಟ್ಯೂಬಿನ ಪಂಡಿತರವರೆಗೆ, ಇದನ್ನು ಕಣ್ಣಿನ ಆಟವೆಂದೇ ಕಲಿಸುತ್ತಿದ್ದಾರೆ. ಇದು ಕಿವಿಯ ಆಟ. ಯಾವ ಬಾಣ ಎಂಬುದನ್ನಷ್ಟೇ ಕಣ್ಣು ಹೇಳಬೇಕು. ಯಾವಾಗ ಎಂಬುದನ್ನು ಹೇಳಬೇಕಾದದ್ದು ಹಾಡು.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೇ ಇದೆ. ಮನೆಯಲ್ಲಿ ನಾನು ಆಡುವುದು ಸ್ಟೆಪ್‌ಮೇನಿಯಾ ಎಂಬ ಉಚಿತ ತಂತ್ರಾಂಶದಲ್ಲಿ. ಅದರ ಸಾಮಾನ್ಯ ಮಟ್ಟದಲ್ಲಿ 'ಪರ್ಫೆಕ್ಟ್' ಎನಿಸಿಕೊಳ್ಳಬೇಕಾದರೆ ನಿಮ್ಮ ಪಾದ ಸರಿಯಾದ ಗಳಿಗೆಯಿಂದ ಆಚೀಚೆ 45 ಮಿಲಿಸೆಕೆಂಡುಗಳ ಒಳಗೆ ಬೀಳಬೇಕು. ಅದಕ್ಕೂ ಮೇಲಿನ ದರ್ಜೆಗೆ 22.5. ಕಣ್ಣಿಗೆ ಏನಾದರೂ ಕಂಡು, ಅದು ಮಿದುಳಿಗೆ ತಿಳಿದು, ಅಲ್ಲಿಂದ ಅಪ್ಪಣೆ ಹೊರಟು ಕೈಯೋ ಕಾಲೋ ಅಲ್ಲಾಡುವುದಕ್ಕೆ ಆರೋಗ್ಯವಂತ ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡು ಬೇಕು. ಅಂದರೆ ಬಾಣ ಮೇಲಿನ ಗೆರೆಯನ್ನು ಮುಟ್ಟಿದ್ದನ್ನು ನೋಡಿ ತುಳಿಯುತ್ತೇನೆ ಎಂದು ಹೊರಟವನು ಹುಟ್ಟಿನಿಂದಲೇ ತಡವಾದವನು. ಆ ಹುಡುಗಿ ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು, ಆದ್ದರಿಂದಲೇ ಸೋಲುತ್ತಿದ್ದಳು. ಹಾಡು ಕಿವಿಗೆ ಬಿದ್ದಿದ್ದರೆ ತಾಳದ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂಬುದು ಅವಳ ಮೈಗೇ ಮೊದಲೇ ಗೊತ್ತಾಗಿರುತ್ತಿತ್ತು, ಕಾಲು ಅದಕ್ಕೆ ಮುಂಚಿತವಾಗಿ ಹೊರಟಿರುತ್ತಿತ್ತು. ಮಿನುಗುವ ದೀಪಕ್ಕೆ ಬೆರಳು ತಟ್ಟುವುದಕ್ಕಿಂತ ಟಿಕ್ ಟಿಕ್ ಸದ್ದಿಗೆ ಬೆರಳು ತಟ್ಟುವುದರಲ್ಲಿ ಮನುಷ್ಯರು ಹೆಚ್ಚು ನಿಖರವಾಗಿರುತ್ತಾರೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ.

ಈ ಆಟಗಳ ವಂಶಾವಳಿಯನ್ನು ನೋಡಿದರೂ ಇದೇ ಮಾತು. 1996ರಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆ ಬಂದ 'ಪರಾಪ್ಪ ದಿ ರ್‍ಯಾಪರ್' ಆಟವನ್ನು ರೂಪಿಸಿದ ಮಸಾಯಾ ಮತ್ಸುಉರಾ ಮೂಲತಃ ಸಂಗೀತಗಾರ. ಅದರ ಮರುವರ್ಷ ಕೊನಾಮಿ ಸಂಸ್ಥೆ ಡಿಜೆಗಳಂತೆ ತಟ್ಟೆ ತಿರುಗಿಸಿ ಕೀಲಿ ಒತ್ತುವ 'ಬೀಟ್‌ಮೇನಿಯಾ'ವನ್ನು ತಂದಿತು. 1998ರಲ್ಲಿ ಅದೇ ಸಂಸ್ಥೆಯ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಕೈಯ ಕೆಲಸವನ್ನು ಕಾಲಿಗೆ ಇಳಿಸಿತು. 1999ರಲ್ಲಿ ಕೊರಿಯಾದ ಆಂಡಮಿರೋ ಸಂಸ್ಥೆಯ 'ಪಂಪ್ ಇಟ್ ಅಪ್' ಬಂತು, ಐದು ಪ್ಯಾನೆಲ್‌ಗಳ ಸಂಪ್ರದಾಯ ಅದರದು. ಇವುಗಳಲ್ಲಿ ಒಂದಾದರೂ ಹಾಡನ್ನು ಮೂಲೆಗಿಟ್ಟು ಹುಟ್ಟಿದ ಆಟವಲ್ಲ. ಕುಣಿತದ ಯಂತ್ರಗಳಿಗೆ ಅಷ್ಟು ದೊಡ್ಡ ಸ್ಪೀಕರುಗಳನ್ನು ಕೂರಿಸಿರುವುದು ಅವುಗಳ ಮೇಲೆ ನೀರಿನ ಬಾಟಲಿ ಇಡಲಿ ಎಂದಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ಹೇಳಬೇಕಾಗಿ ಬಂದದ್ದೇ ನನಗೆ ಹೆಚ್ಚು ಉರಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಕ್ಷಗಾನದ ಹೆಜ್ಜೆ ಕಲಿಯಲು ಹೋದ ಯಾವ ಮಗುವನ್ನಾದರೂ ಕೇಳಿ ನೋಡಿ. ಗುರುಗಳು ಮೊದಲು ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಾಳ ಹಾಕಿಸಿ, ಆಮೇಲೆ ಕಾಲಿಗೆ ಬರುತ್ತಾರೆ. ಏಕತಾಳ ಮೈಗಿಳಿಯದ ಹುಡುಗನನ್ನು ಯಾರೂ ಅಷ್ಟತಾಳಕ್ಕೆ ನೂಕುವುದಿಲ್ಲ. ಮದ್ದಳೆ ನಿಲ್ಲಿಸಿ "ಎದುರಿನವನ ಕಾಲು ನೋಡಿಕೊಂಡು ಕುಣಿ" ಎಂದು ಯಾರೂ ಹೇಳುವುದಿಲ್ಲ. ಅದೇ ಮಗುವನ್ನು ಗಾಜಿನ ಬಾಗಿಲಿನ ಅಂಗಡಿಯೊಳಗೆ ಕರೆದುಕೊಂಡು ಹೋದ ಕೂಡಲೇ ನಮಗೆ ಈ ವಿವೇಕವೆಲ್ಲ ಮರೆತುಹೋಗುವುದು ಏಕೆ?

ಮನೆಯಲ್ಲಿ ಆಡುವವರದೂ ಇದೇ ಪಾಡು, ಅಲ್ಲಿ ಕಳ್ಳ ಬೇರೆ ಅಷ್ಟೆ. ನನ್ನ ಮ್ಯಾಟ್ ನೋಡಿ ಆಸೆಪಟ್ಟು ತಾವೂ ಒಂದನ್ನು ತರಿಸಿಕೊಂಡ ಸಂಬಂಧಿಕರೊಬ್ಬರ ಮನೆಯಲ್ಲಿ ಕಂಪ್ಯೂಟರನ್ನು ದೊಡ್ಡ ಟಿವಿಗೆ ಜೋಡಿಸಿ, ಸದ್ದನ್ನು ಬ್ಲೂಟೂತ್ ಸ್ಪೀಕರಿಗೆ ಕೊಟ್ಟಿದ್ದರು. ಸ್ಪೀಕರಿನ ಗತ್ತೇನೋ ಮದುವೆ ಮಂಟಪಕ್ಕೆ ಸಾಲುವಷ್ಟಿತ್ತು. ಆದರೆ ಸಾಮಾನ್ಯ ಬ್ಲೂಟೂತ್‌ನಲ್ಲಿ ಹಾಡು ಹೊರಟು ಸ್ಪೀಕರಿನಿಂದ ಹೊರಬೀಳುವಷ್ಟರಲ್ಲಿ ಸುಲಭವಾಗಿ 150ರಿಂದ 200 ಮಿಲಿಸೆಕೆಂಡು ಕಳೆದಿರುತ್ತದೆ. ನಿಮಿಷಕ್ಕೆ 150 ಪೆಟ್ಟುಗಳಿರುವ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವುದೇ 400 ಮಿಲಿಸೆಕೆಂಡು. ಅಂದರೆ ಕಿವಿಗೆ ಕೇಳುವ ಹಾಡು ಪರದೆಯ ಬಾಣಕ್ಕಿಂತ ಹೆಚ್ಚುಕಡಿಮೆ ಅರ್ಧ ಪೆಟ್ಟು ಹಿಂದೆ! ಹಾಡನ್ನು ನಂಬಿ ತುಳಿದವರಿಗೆ ಮಿಸ್, ಬಾಣವನ್ನು ನಂಬಿ ತುಳಿದವರಿಗೆ ತಲೆನೋವು. ಸಿನಿಮಾ ನೋಡುವಾಗ ಟಿವಿ ಇದನ್ನು ತಾನೇ ಸರಿದೂಗಿಸಿಕೊಳ್ಳಬಹುದು, ಏಕೆಂದರೆ ಚಿತ್ರವನ್ನು ತಡೆದು ಹಿಡಿದರೆ ಯಾರಿಗೂ ನಷ್ಟವಿಲ್ಲ. ನಿಮ್ಮ ಕಾಲನ್ನು ತಡೆದು ಹಿಡಿಯಲು ಟಿವಿಗೆ ಬರುವುದಿಲ್ಲ. ಸಾಲದ್ದಕ್ಕೆ ಬಣ್ಣ ತಿದ್ದುವ, ಅಂಚು ಹರಿತ ಮಾಡುವ ಉಸಾಬರಿಯಲ್ಲಿ ಟಿವಿ ಚಿತ್ರವನ್ನೂ ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ, ಅದಕ್ಕಾಗಿಯೇ ಅದರೊಳಗೆ 'ಗೇಮ್ ಮೋಡ್' ಎಂದೊಂದು ಆಯ್ಕೆ ಇರುವುದು. ಬ್ಲೂಟೂತ್ ಬಿಟ್ಟು ವೈರ್ ಹಾಕಿ, ಗೇಮ್ ಮೋಡ್ ಇಟ್ಟ ಮೇಲೂ ಅಲ್ಪಸ್ವಲ್ಪ ಉಳಿದ ಅಂತರವನ್ನು ಸ್ಟೆಪ್‌ಮೇನಿಯಾದ ಆಫ್‌ಸೆಟ್‌ನಲ್ಲಿ, ಅಂದರೆ ಹಾಡನ್ನೂ ಬಾಣವನ್ನೂ ಹೊಂದಿಸುವ ಆಯ್ಕೆಯಲ್ಲಿ, ತಿದ್ದಿಕೊಳ್ಳಬಹುದು. ನಾನು ಇಷ್ಟೆಲ್ಲ ವಿವರಿಸಿದ ಮೇಲೆ ಆ ಮನೆಯವರು ಹೇಳಿದ್ದು: "ಪರವಾಗಿಲ್ಲ ಬಿಡಿ, ಮಕ್ಕಳು ನೋಡ್ಕೊಂಡು ಆಡ್ತಾರೆ." ಮತ್ತೆ ನೋಡಿಕೊಂಡು!

ಈಗ ಕಮೆಂಟಿನಲ್ಲಿ ಯಾರಾದರೂ ಒಬ್ಬರು ಬರುತ್ತಾರೆಂದು ಬಲ್ಲೆ: "ನುರಿತವರು ಸದ್ದೇ ಇಲ್ಲದೆಯೂ ಆಡುತ್ತಾರಲ್ಲ, ಕಿವಿ ಕೇಳದವರೂ ಆಡುತ್ತಾರಲ್ಲ?" ಆಡುತ್ತಾರೆ, ಖಂಡಿತ ಆಡುತ್ತಾರೆ. ಬಹುಪಾಲು ಹಾಡುಗಳಲ್ಲಿ ಬಾಣಗಳು ಒಂದೇ ವೇಗದಲ್ಲಿ ಏರುವುದರಿಂದ ಅವುಗಳ ನಡುವಿನ ಅಂತರವನ್ನೇ ಲಯವಾಗಿ ಓದುವ ಕಣ್ಣು ಅವರಿಗೆ ಸಿದ್ಧಿಸಿರುತ್ತದೆ. ವರ್ಷಗಟ್ಟಲೆ ದುಡಿದು ಗಳಿಸಿದ ಆ ಸಿದ್ಧಿಯನ್ನು ಮೊದಲ ದಿನ ಯಂತ್ರ ಹತ್ತಿದ ಮಗುವಿನಿಂದ ಬಯಸುವುದು, ಅದೂ ಟೋಕನ್ನಿಗೆ ದುಡ್ಡು ವಸೂಲಿ ಮಾಡಿ ಬಯಸುವುದು, ವಾದವಲ್ಲ, ದರ್ಪ. ಮುಂದಕ್ಕೆ ಹೋಗೋಣ.

ಹೊಸಬರು ಮಾಡುವ ಇನ್ನೆರಡು ಕೆಲಸಗಳೂ ಇದೇ ಕಣ್ಣಿನ ಚಾಳಿಯ ಮಕ್ಕಳು. ಒಂದು, ನಾಲ್ಕು ಬಾಣಗಳ ಮ್ಯಾಟಿನಲ್ಲಿ ಪ್ರತಿ ಬಾಣ ತುಳಿದಾದ ಮೇಲೂ ನಡುವಿನ ಜಾಗಕ್ಕೆ ವಾಪಸು ಬಂದು ನಿಲ್ಲುವುದು. ಬಾಣವಿಲ್ಲದ ಹೊತ್ತಿನಲ್ಲಿ ಪ್ಯಾನೆಲ್ಲಿನ ಮೇಲೆ ಸುಮ್ಮನೆ ನಿಂತಿದ್ದರೆ ಆಟ ಯಾವ ದಂಡವನ್ನೂ ಹಾಕುವುದಿಲ್ಲ. ಆದರೂ ಜನ ಓಡೋಡಿ ನಡುವಿಗೆ ಬರುತ್ತಾರೆ, ಒಂದು ಹೆಜ್ಜೆಯ ಕೆಲಸಕ್ಕೆ ಎರಡು ಹೆಜ್ಜೆ ಸವೆಸಿ ಏದುಸಿರು ಬಿಡುತ್ತಾರೆ. ಪ್ರತಿ ಬಾಣವನ್ನೂ ಬಿಡಿಬಿಡಿಯಾಗಿ ನೋಡುವವರಿಗೆ ಪ್ರತಿ ಸಲವೂ ಹೊಸದಾಗಿ ಹೊರಡಬೇಕೆನಿಸುತ್ತದೆ. ಹಾಡು ಕೇಳುತ್ತಿರುವವರ ಕಾಲು ಎಡ, ಬಲ, ಎಡ, ಬಲ ಎಂದು ತಾನಾಗಿ ಸರದಿ ಹಿಡಿಯುತ್ತದೆ, ಮಂಡಿ ತುಸು ಬಾಗುತ್ತದೆ, ಭಾರ ಹಿಮ್ಮಡಿಯಿಂದ ಮುಂಗಾಲಿಗೆ ಬರುತ್ತದೆ. ನನ್ನ ಮೊಣಕಾಲಿನ ಪುರಾಣ ಕೇಳಿ ಕೇಳಿ ಬೇಸತ್ತಿರುವ ಗೆಳೆಯರಿಗೆ ಇದು ಒಳ್ಳೆಯ ಸುದ್ದಿಯೆಂದು ಭಾವಿಸುತ್ತೇನೆ.

ಇನ್ನೊಂದು, ಬಾಣ ವೇಗವಾಗಿ ಬರುತ್ತದೆಂದು ಹೆದರಿ ಅದರ ಓಟವನ್ನು ತಗ್ಗಿಸುವುದು. ಬಾಣದ ಓಟವೇ ಬೇರೆ, ಹಾಡಿನ ಓಟವೇ ಬೇರೆ. ಸ್ಪೀಡ್ 1ರಲ್ಲಿ ಬಾಣಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, ಯಾವುದು ಮೊದಲು ಯಾವುದು ನಂತರ ಎಂಬುದೇ ತಿಳಿಯದೆ ಕಣ್ಣು ಕಂಗೆಡುತ್ತದೆ. ಒಂದೂವರೆಗೋ ಎರಡಕ್ಕೋ ಏರಿಸಿದರೆ ಹಾಡಿನ ಗತಿ ಒಂದಿಷ್ಟೂ ಬದಲಾಗದೆ ಬಾಣಗಳ ನಡುವೆ ಮಾತ್ರ ಜಾಗ ಬಿಡುತ್ತದೆ. ಜಪಾನಿನ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್', ಅಂದರೆ ಡಿಡಿಆರ್ ಆಟದಲ್ಲಿ ಈ ಆಯ್ಕೆ 2001ರ 'ಡಿಡಿಆರ್ ಮ್ಯಾಕ್ಸ್'ನಿಂದಲೇ ಇದೆ. ಗತಿ ಹಾಡಿನಲ್ಲಿದೆ, ಪರದೆಯಲ್ಲಿಲ್ಲ ಎಂದು ಕಿವಿಗೆ ಮನವರಿಕೆಯಾದವರಿಗೆ ಈ ಹೆದರಿಕೆ ತಾನೇ ಬಿಟ್ಟುಹೋಗುತ್ತದೆ.

ನನಗೆ ಕಿವಿಯ ಮಹಿಮೆ ಪೂರ್ತಿ ತಿಳಿದದ್ದು ಮಾತ್ರ ಅಕ್ಕನ ಮಗನಿಂದ. ಸ್ಟೆಪ್‌ಮೇನಿಯಾದಲ್ಲಿ ನಮಗೆ ಬೇಕಾದ ಹಾಡಿಗೆ ನಾವೇ ಹೆಜ್ಜೆ ಬರೆದುಕೊಳ್ಳಬಹುದು. ಹಾಡಿನ ಫೈಲ್ ಹಾಕಿ, ನಿಮಿಷಕ್ಕೆ ಎಷ್ಟು ಪೆಟ್ಟೆಂದು ತಿಳಿಸಿ, ಮೊದಲ ಪೆಟ್ಟು ಎಲ್ಲಿ ಬೀಳುತ್ತದೆಂದು ಗುರುತು ಹಾಕಿದರೆ ಸಾಕು. ಈಗಿನ ಸಿನಿಮಾ ಹಾಡುಗಳಿಗೆ ಇದು ಅರ್ಧ ಗಂಟೆಯ ಕೆಲಸ, ಏಕೆಂದರೆ ಅವುಗಳ ತಾಳವನ್ನು ಬಹುಪಾಲು ಕಂಪ್ಯೂಟರೇ ಹಿಡಿದಿರುತ್ತದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಗತಿ. ಅವನು ನನ್ನನ್ನು ಮೆಚ್ಚಿಸಲೆಂದು ಹಳೆಯ ಭಾವಗೀತೆಯೊಂದಕ್ಕೆ ಹೆಜ್ಜೆ ಬರೆಯಲು ಕೂತ. ಮೊದಲ ಚರಣಕ್ಕೇ ಬಾಣಗಳು ಹಾಡಿನಿಂದ ಕಳಚಿಕೊಂಡವು. ತಬಲಾ ನುಡಿಸಿದವರು ಮನುಷ್ಯರು. ಪಲ್ಲವಿಯಲ್ಲಿ ತುಸು ನಿಧಾನಿಸಿ, ಚರಣದಲ್ಲಿ ಹುಮ್ಮಸ್ಸು ಬಂದು ತುಸು ಮುಂದೋಡಿ, ಗಾಯಕರು ಒಂದು ಸ್ವರವನ್ನು ಎಳೆದಾಗ ಅವರಿಗಾಗಿ ಕಾದು, ಹೀಗೆ ಉದ್ದಕ್ಕೂ ಗತಿ ಉಸಿರಾಡುತ್ತದೆ. ಆ ಹುಡುಗ ಒಂದೊಂದು ಸಾಲಿಗೂ ಬೇರೆ ಬೇರೆ ಗತಿ ಬರೆಯುತ್ತ, ಹೆಡ್‌ಫೋನ್ ಕಿವಿಗೊತ್ತಿಕೊಂಡು, ಎರಡು ಭಾನುವಾರ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಅದನ್ನು ಆಡಲು ನಿಂತಾಗ ಪರದೆಯ ಬಾಣಗಳು ಒಮ್ಮೆ ಬಿಗಿದುಕೊಂಡು ಒಮ್ಮೆ ಸಡಿಲಗೊಂಡು ಬರುತ್ತಿದ್ದವು. ಕಣ್ಣನ್ನಷ್ಟೇ ನಂಬಿದ್ದ ಅವನ ಗೆಳೆಯರು ಒಬ್ಬೊಬ್ಬರಾಗಿ ಸೋತು ಕೂತರು. ಆ ಹಾಡನ್ನು ಚಿಕ್ಕಂದಿನಿಂದ ರೇಡಿಯೋದಲ್ಲಿ ಕೇಳಿ ಬೆಳೆದ ನಾನು ಕೊನೆಯವರೆಗೂ ಕುಣಿದೆ. ಜಂಬವೆಂದು ಬೇಕಾದರೆ ಅನ್ನಿ, ಆ ಹುಡುಗರ ಮುಖ ನೆನಪಾದಾಗಲೆಲ್ಲ ನನಗೆ ಈಗಲೂ ನಗು ತಡೆಯುವುದಿಲ್ಲ.

ಇನ್ನು, ಯಾವ ಮ್ಯಾಟ್ ಕೊಳ್ಳಬೇಕೆಂದು ಇನ್‌ಬಾಕ್ಸಿನಲ್ಲಿ ಕೇಳಿದವರಿಗೆ ಇಲ್ಲೇ ಉತ್ತರಿಸುತ್ತೇನೆ. ಆರಂಭಕ್ಕೆ ಮಡಚಿಡುವ ಅಗ್ಗದ ಮೆತ್ತನೆಯ ಮ್ಯಾಟೇ ಸಾಕು. ನಮ್ಮ ಮನೆಗಳ ಕಾವಿ ನೆಲದ ಮೇಲೆ ಅದು ಜಾರುತ್ತದೆ, ಅಡಿಗೆ ಪ್ಲೈವುಡ್ ಹಲಗೆ ಹಾಕಿ ಅಂಚುಗಳನ್ನು ಟೇಪಿನಿಂದ ಬಿಗಿಯಿರಿ. ಮಳೆಗಾಲದಲ್ಲಿ ಸುತ್ತಿ ಮೂಲೆಗಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವಂತೆ ನೇತುಹಾಕಿ. ಜೋರು ಮಳೆ ಹೆಂಚಿನ ಮೇಲೆ ಸುರಿಯುವಾಗ ಯಾವ ಸ್ಪೀಕರೂ ಕೇಳಿಸುವುದಿಲ್ಲ. ಆಗ ಉದ್ದನೆಯ ವೈರಿನ ಹೆಡ್‌ಫೋನ್ ಹಾಕಿ, ವೈರನ್ನು ಬೆನ್ನ ಹಿಂದಿನಿಂದ ಇಳಿಬಿಡಿ. ಆದರೆ ಮ್ಯಾಟಿಗಿಂತ ಮೊದಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಕಂಪ್ಯೂಟರಿನಿಂದ ಸ್ಪೀಕರಿಗೆ ಎಳೆಯುವ ಒಂದು ಆಡಿಯೋ ವೈರ್ ಕೊಂಡುಕೊಳ್ಳಿ, ಒಂದು ಊಟದ ಬೆಲೆಯೂ ಆಗುವುದಿಲ್ಲ. ಅದನ್ನು ಕೊಳ್ಳದೆ ಬ್ಲೂಟೂತ್‌ನಲ್ಲೇ ಕುಣಿದು, ಆಮೇಲೆ ಮ್ಯಾಟ್ ಸರಿಯಿಲ್ಲ ಎಂದು ನನಗೆ ಮೆಸೇಜ್ ಹಾಕುವವರಿಗೆ ನಾನು ಉತ್ತರ ಬರೆಯುವುದಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.