ಮುಂಡು ಉಟ್ಟವರನ್ನು ತಡೆಯುವ ಪರಂಪರೆ ಯಾರದ್ದು?

ಭಾನುವಾರ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಇರಲು ಆಗುತ್ತಿಲ್ಲ.

ನಮ್ಮ ದೊಡ್ಡಪ್ಪ ನಿಮಗೆ ಗೊತ್ತಲ್ಲ? ಮನೆಗೆ ಬಂದವರೆಲ್ಲ ನೋಡಿದ್ದೀರಿ. ಬಿಳಿ ಮುಂಡು (ನಮ್ಮ ಕರಾವಳಿಯ ಪಂಚೆ), ಬಿಳಿ ಅಂಗಿ, ಹೆಗಲಿಗೊಂದು ಶಾಲು. ಶಾಲೆಯಲ್ಲಿ ಪಾಠ ಮಾಡಿದ್ದೂ ಹಾಗೆಯೇ, ಯಕ್ಷಗಾನಕ್ಕೆ, ಕಂಬಳಕ್ಕೆ, ಮದುವೆಗೆ ಹೋಗುವುದೂ ಹಾಗೆಯೇ. ಅವರ ಹಳೆಯ ವಿದ್ಯಾರ್ಥಿಯೊಬ್ಬರು ಮಗಳ ರಿಸೆಪ್ಷನ್‌ಗೆ ಮನೆಗೇ ಬಂದು ಕರೆದಿದ್ದರು. ಮಂಗಳೂರಿನ ಒಂದು ಕ್ಲಬ್ಬಿನಲ್ಲಿ. ಹೆಸರು ಬೇಡ. ಗೇಟಿನಲ್ಲೇ ತಡೆದರು. "ಡ್ರೆಸ್ ಕೋಡ್ ಉಂಟು ಸರ್, ಮುಂಡು ಆಗುವುದಿಲ್ಲ." ಮ್ಯಾನೇಜರ್ ಬಂದವರು, "ಬ್ರಿಟಿಷರ ಕಾಲದಿಂದ ಕ್ಲಬ್ ಅಂದ್ರೆ ಹೀಗೆ ಸರ್, ಅದೊಂದು ಪರಂಪರೆ" ಅಂದರು.

ಸೆಕ್ಯುರಿಟಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಕೆಲಸ ಮಾಡಿದ, ಅವನ ಮುಖವೂ ಸಣ್ಣದಾಗಿತ್ತು. ನನಗೆ ಸಿಟ್ಟು ಬಂದದ್ದು ಆ ಪರಂಪರೆಯ ಮಾತಿಗೆ. ಯಾರ ಪರಂಪರೆ ಮಾರಾಯ್ರೆ ಅದು?

ಕ್ಲಬ್ಬುಗಳ ಕಥೆಯನ್ನು ನಾವು ಯಾವಾಗಲೂ ಅರ್ಧ ಹೇಳುತ್ತೇವೆ. ಬೆಂಗಳೂರು ಕ್ಲಬ್ ಅಂದ ಕೂಡಲೇ ಎಲ್ಲರೂ ಚರ್ಚಿಲ್ ಕಥೆ ತೆಗೆಯುತ್ತಾರೆ. 1868ರಲ್ಲಿ ಶುರುವಾದ ಕ್ಲಬ್ಬು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ ಅಲ್ಲಿ 13 ರೂಪಾಯಿ ಬಾಕಿ ಇಟ್ಟು ಹೋದರು, 1899ರಲ್ಲಿ ಅದನ್ನು ವಸೂಲಾಗದ ಸಾಲ ಎಂದು ಬರೆದು ಹಾಕಿದರು. ಆ ಪುಸ್ತಕವನ್ನು ಈಗಲೂ ಹೆಮ್ಮೆಯಿಂದ ತೋರಿಸುತ್ತಾರೆ. ಅದೇ ಕಾಲದಲ್ಲಿ ಇಂಥ ಕ್ಲಬ್ಬುಗಳಿಗೆ ನಮ್ಮವರು ಹೋಗಬೇಕಾದರೆ ಟ್ರೇ ಹಿಡಿದುಕೊಂಡು ಹೋಗಬೇಕಿತ್ತು. ಅದನ್ನು ಯಾರೂ ನೆನಪು ಮಾಡುವುದಿಲ್ಲ.

ಕಲ್ಕತ್ತಾದ ಬೆಂಗಾಲ್ ಕ್ಲಬ್ ಹುಟ್ಟಿದ್ದು 1827ರಲ್ಲಿ. ಅದು ಭಾರತೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1959ರಲ್ಲಿ. ದೇಶ ಸ್ವತಂತ್ರವಾಗಿ ಹನ್ನೆರಡು ವರ್ಷ ಆಗಿತ್ತು! ಈ ಅವಮಾನಕ್ಕೆ ಉತ್ತರವಾಗಿಯೇ 1907ರಲ್ಲಿ ಕಲ್ಕತ್ತಾ ಕ್ಲಬ್ ಶುರುವಾಯಿತು. ಅಲ್ಲಿ ಭಾರತೀಯರಿಗೂ ಬಿಳಿಯರಿಗೂ ಒಂದೇ ಜಾಗ. ಒಳ್ಳೆಯದೇ. ಆದರೆ ಅದೇ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವ ಕೊಡಲು 2007ರ ತನಕ ಕಾದಿತು. ಮುಂಬೈಯ ವಿಲ್ಲಿಂಗ್‌ಡನ್ ಕ್ಲಬ್ಬೂ ಭಾರತೀಯರನ್ನು ಒಳಗೆ ಬಿಡಬೇಕು ಎಂದೇ ಹುಟ್ಟಿದ್ದು. 1988ರಲ್ಲಿ ಅಲ್ಲಿಗೆ ಬರಿಗಾಲಲ್ಲಿ ಬಂದ ಚಿತ್ರಕಲಾವಿದ ಎಂ.ಎಫ್. ಹುಸೇನ್ ಅವರನ್ನು ವಾಪಸ್ ಕಳಿಸಿದರು.

ನನಗೆ ಸಂಕಟ ಆಗುವುದು ಇದೇ. ಹೊರಗೆ ನಿಂತು ನೋವು ತಿಂದವರು ಒಳಗೆ ಹೋದ ಮೇಲೆ ಮಾಡಿದ ಕೆಲಸ ಬಾಗಿಲು ಹಾಕಿದ್ದು. ಬಿಳಿಯರು ಹೋದರು, ಅವರ ನಿಯಮ ಉಳಿಯಿತು. ಕಾವಲಿಗೆ ನಮ್ಮವರೇ ನಿಂತರು.

ನಮ್ಮೂರು ಇದಕ್ಕೆ ಹೊರತೇನೂ ಅಲ್ಲ. 1956ರ ತನಕ ನಾವು ಮದರಾಸಿಗೆ ಸೇರಿದವರು. ಮಲೆನಾಡಿನ, ಕೊಡಗಿನ ಕಾಫಿ ಘಟ್ಟ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತು. ಹಂಚಿನ ಕಾರ್ಖಾನೆಗಳು ಬಂದವು, 1907ರಲ್ಲಿ ರೈಲೂ ಬಂತು. ಸಾಹೇಬರು ಬಂಗಲೆ ಕಟ್ಟಿಸಿಕೊಂಡರು, ಸಂಜೆ ಕೂರಲು ಕ್ಲಬ್ಬು ಮಾಡಿಕೊಂಡರು. ಕಾಫಿ ಮೂಟೆ ಹೊತ್ತವರು, ಹಂಚು ಸುಟ್ಟವರು ಉಡುತ್ತಿದ್ದದ್ದು ಮುಂಡೇ ಅಲ್ವಾ? ಅವರ ಮೊಮ್ಮಕ್ಕಳು ಇವತ್ತು ಕ್ಲಬ್ ಕಮಿಟಿಯಲ್ಲಿ ಕೂತು ಮುಂಡಿಗೆ ಪ್ರವೇಶ ಇಲ್ಲ ಎಂದು ಬರೆದರೆ ಏನು ಹೇಳೋಣ?

ಇದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಮಿಷನ್ ಶುರು ಮಾಡಿದರು. ಜಾತಿಯವರು ಬಹಿಷ್ಕಾರ ಹಾಕಿದರೂ ಬಿಡಲಿಲ್ಲ. ನಮ್ಮ ಪುರಭವನಕ್ಕೆ ಅವರ ಹೆಸರು ಇಟ್ಟಿದ್ದೇವೆ. ಈ ಊರಿಗೆ ಪರಂಪರೆ ಬೇಕಿದ್ದರೆ ಅದು ಉಂಟು. ಸಾಹೇಬರಿಂದ ಎರವಲು ತರಬೇಕಾಗಿಲ್ಲ.

ಖಾಸಗಿ ಕ್ಲಬ್ಬು, ಅವರ ನಿಯಮ ಅವರಿಷ್ಟ ಎಂದು ಇಬ್ಬರು ಗೆಳೆಯರು ನನಗೆ ಫೋನಿನಲ್ಲಿ ಹೇಳಿದರು. ಸರಿ, ಇಸ್ಪೀಟ್ ಟೇಬಲ್ಲಿಗೆ, ಈಜುಕೊಳಕ್ಕೆ ಏನು ಬೇಕಾದರೂ ನಿಯಮ ಮಾಡಲಿ. ಹಾಲ್ ಬಾಡಿಗೆಗೆ ಕೊಟ್ಟು, ಊರಿಗೆಲ್ಲ ಕರೆಯೋಲೆ ಹೋದ ಮೇಲೆ ಅದೆಂಥ ಖಾಸಗಿ? 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ವೇಷ್ಟಿ (ತಮಿಳರ ಪಂಚೆ) ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆದರು. ತಮಿಳುನಾಡು ಅದೇ ವರ್ಷ ಕಾನೂನು ತಂದಿತು. ವೇಷ್ಟಿ ಕಾರಣಕ್ಕೆ ತಡೆದರೆ ಒಂದು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ನಮ್ಮಲ್ಲಿ 2024ರಲ್ಲಿ ಪಂಚೆ ಉಟ್ಟ ಹಾವೇರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಲ್‌ನಲ್ಲಿ ತಡೆದಾಗ ಎಷ್ಟು ಗಲಾಟೆ ಆಯಿತು! ಏಳು ದಿನ ಮಾಲ್ ಮುಚ್ಚಿಸಿದರು. ಆಮೇಲೆ ಎಲ್ಲರೂ ಮರೆತರು.

ಇನ್ನೊಬ್ಬರು, "ಮುಂಡಿಗೆ ಬಿಟ್ಟರೆ ನಾಳೆ ಲುಂಗಿಯಲ್ಲಿ ಬರುತ್ತಾರೆ" ಅಂದರು. ತುಳುನಾಡಿನಲ್ಲಿ ಹುಟ್ಟಿ ಲುಂಗಿಗೂ ಮುಂಡಿಗೂ ವ್ಯತ್ಯಾಸ ಗೊತ್ತಿಲ್ಲವಾ? 1996ರಲ್ಲಿ ದೇವೇಗೌಡರು ಪ್ರಧಾನಿ ಆದದ್ದೂ ಪಂಚೆಯಲ್ಲೇ.

ದೊಡ್ಡಪ್ಪ ಏನೂ ಹೇಳಲಿಲ್ಲ. ಉಡುಗೊರೆಯ ಕವರ್ ನನ್ನ ಕೈಗೆ ಕೊಟ್ಟು, "ಹುಡುಗಿಗೆ ಕೊಟ್ಟು ಬಾ, ಅವಳದ್ದೇನು ತಪ್ಪು" ಅಂದು ರಿಕ್ಷಾ ಹತ್ತಿದರು. ನಾನು ಒಳಗೆ ಹೋದೆ. ಬಫೆಯಲ್ಲಿ ಕೋರಿ ರೊಟ್ಟಿ, ನೀರುದೋಸೆ. ನಮ್ಮ ಅಡುಗೆ ಆಗುತ್ತದೆ, ನಮ್ಮ ಬಟ್ಟೆ ಆಗುವುದಿಲ್ಲ. ಊಟ ಮಾಡಲು ಮನಸ್ಸಾಗಲಿಲ್ಲ, ಕವರ್ ಕೊಟ್ಟು ಬಂದೆ.

ಕ್ಲಬ್ಬಿನ ಕಮಿಟಿಗೆ ಪತ್ರ ಬರೆದಿದ್ದೇನೆ. ಕೇಳಿದ್ದು ಇಷ್ಟೇ. ಮುಂಡು, ಪಂಚೆ ಉಟ್ಟವರನ್ನು ತಡೆಯುವ ಆ ಸಾಲನ್ನು ನಿಯಮದಿಂದ ತೆಗೆಯಿರಿ. ತೆಗೆಯುವ ತನಕ ಹಾಲ್ ಬಾಡಿಗೆಗೆ ಕೊಡುವಾಗ ಅದನ್ನು ಮೊದಲೇ ಹೇಳಿ, ಕರೆಯೋಲೆಯಲ್ಲಿ ಅಚ್ಚು ಹಾಕಿಸಿ. ನಮ್ಮ ಶಾಸಕರಿಗೂ ಒಂದು ಪ್ರತಿ ಕಳಿಸುತ್ತೇನೆ, ತಮಿಳುನಾಡಿನಂಥ ಕಾನೂನು ಇಲ್ಲಿಗೂ ಬೇಕು ಎಂದು. ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಎಷ್ಟೋ ಮಂದಿ ಊರಿನ ಬೇರೆ ಬೇರೆ ಕ್ಲಬ್ಬುಗಳ ಸದಸ್ಯರು ಎಂದು ನನಗೆ ಗೊತ್ತು. ನಿಮ್ಮ ಕ್ಲಬ್ಬಿನ ನಿಯಮದ ಪುಸ್ತಕ ಒಮ್ಮೆ ತೆಗೆದು ನೋಡಿ. ಆ ಸಾಲು ಇದ್ದರೆ ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಪತ್ರದ ಪ್ರತಿ ಬೇಕಾದರೆ ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ.