ಬ್ಯಾಟರಿಯೊಳಗಿನ ಚಿತ್ರಗುಪ್ತ

ಲ್ಯಾಪ್‌ಟಾಪಿಗೆ ಒಂದು ವಯಸ್ಸಾದ ಮೇಲೆ ಗೋಡೆಯ ಸಾಕೆಟ್ಟೇ ಗತಿ. ಕರೆಂಟು ಹೋಯಿತೋ, ಅದೂ ಹೋಯಿತು. ಪರದೆಯ ಮೂಲೆಯಲ್ಲಿ ಮಾತ್ರ ಅರ್ಧ ಚಾರ್ಜ್ ಇದೆ ಅಂತ ಆಗಷ್ಟೇ ತೋರಿಸಿರುತ್ತದೆ. ಹಾಗಂತ ಬ್ಯಾಟರಿ ಬಿಸಾಕಲು ಯಾರಿಗೆ ಮನಸ್ಸು ಬರುತ್ತದೆ? ಮೊದಲು ಮನೆಮದ್ದು.

ನಮ್ಮ ಭಾವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರು, ಬಟಾಣಿ ಪೊಟ್ಟಣದ ಪಕ್ಕ. "ಇದೇನ್ರೀ ಇದು?" ಎಂದು ಅಕ್ಕ ಕೇಳಿದರೆ, "ಸುಮ್ನಿರೇ, ಜೀವ ಬರುತ್ತೆ" ಎಂದರಂತೆ. ಬರಲಿಲ್ಲ. ತಣ್ಣಗಿಟ್ಟರೆ ಲಿಥಿಯಂ ಬ್ಯಾಟರಿಯ ಮುಪ್ಪು ನಿಧಾನವಾದೀತು, ಬಂದ ಮುಪ್ಪು ವಾಪಸು ಹೋಗುವುದಿಲ್ಲ. "ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕು" ಎಂಬ ಇನ್ನೊಂದು ಉಪದೇಶವೂ ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ನಮ್ಮ ಉಪದೇಶಗಳು ಇನ್ನೂ ಅದಕ್ಕೂ ಹಿಂದೆಯೇ ಇವೆ. (ಈ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡಿನಫ್ ಅವರಿಗೆ ಆಗ 97 ವರ್ಷ. ಅವರ ಆಯಸ್ಸಿನಲ್ಲಿ ಒಂದಿಷ್ಟು ಬ್ಯಾಟರಿಗೂ ಬಂದಿದ್ದರೆ!)

ನಾನು ಬ್ಯಾಟರಿ ಹಿಡಿದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ, ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹುಡುಗ ಪ್ಯಾಕಿನ ಅಂಚಿಗುಂಟ ಬ್ಲೇಡ್ ಎಳೆದು ಮುಚ್ಚಳ ಎಬ್ಬಿಸಿದ. ಒಳಗೆ ಎರಡೆರಡರ ಮೂರು ಜೊತೆ, ಒಟ್ಟು ಆರು ಸೆಲ್ಲು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ 18650 ಎಂದು ಹೆಸರು. ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿದ. ಮೊದಲೆರಡು ಜೊತೆ 3.9 ವೋಲ್ಟ್, ಮೂರನೆಯದು 1.2.

"ಇವ್ರಿಬ್ರು ಹೋಗಿದಾರೆ ಸಾರ್."

"ಚಾರ್ಜ್ ಕೊಟ್ರೆ ಏಳಲ್ವಾ?"

"ಏಳ್ತಾರೆ. ಬೆಂಕಿನೂ ಏಳುತ್ತೆ."

ನಿಜವೇ. ಅಷ್ಟು ಕೆಳಗಿಳಿದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗಿ, ಚಾರ್ಜ್ ಮಾಡಿದಾಗ ಬೇಡದ ಕಡೆ ಹೋಗಿ ಕೂತು, ಒಳಗೊಳಗೇ ಶಾರ್ಟ್ ಆಗುವ ಅಪಾಯವಿದೆ.

ಸೆಲ್ಲುಗಳ ಪಕ್ಕ ಬೆರಳಗಲದ ಹಸಿರು ಬೋರ್ಡು. ಅದರ ಮೇಲಿನ ಚಿಪ್ಪೇ ಚಿತ್ರಗುಪ್ತ: ಒಳಹೋದ ಕರೆಂಟು, ಹೊರಬಂದ ಕರೆಂಟು, ಎಲ್ಲದರ ಲೆಕ್ಕ ಅವನದು. ತಿಂಗಳುಗಟ್ಟಲೆ ಪ್ಲಗ್ಗಿನಲ್ಲೇ ಇಟ್ಟರೆ ಅವನ ಲೆಕ್ಕವೂ ತಪ್ಪುತ್ತದೆ. ಒಮ್ಮೆ ಪೂರ್ತಿ ತುಂಬಿಸಿ, ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುವವರೆಗೆ ಇಳಿಸಿ, ಮತ್ತೆ ತುಂಬಿಸಿದರೆ ಸರಿಹೋಗುತ್ತದೆ. "ಬ್ಯಾಟರಿ ಬದುಕಿತು" ಎಂದು ಕುಣಿಯುವವರ ಮನೆಯಲ್ಲಿ ನಡೆದಿರುವುದು ಬಹುಪಾಲು ಇಷ್ಟೇ. ಲೆಕ್ಕ ತಿದ್ದಿದೆ, ಆಯಸ್ಸು ಇದ್ದಷ್ಟೇ ಇದೆ. ಇದರ ಉಲ್ಟಾನೂ ಉಂಟು. ಒಮ್ಮೆ "ಸತ್ತಿದೆ" ಎಂದು ಬರೆದುಕೊಂಡ ಕೆಲವು ಚಿಪ್ಪುಗಳು, ಆರೂ ಸೆಲ್ಲು ಹೊಸದು ಹಾಕಿದರೂ ಜಪ್ಪಯ್ಯ ಅನ್ನುವುದಿಲ್ಲ. ಆ ಬರಹ ಅಳಿಸಲು ಬೇರೆ ಸಾಫ್ಟ್‌ವೇರ್, ಅದಕ್ಕೆ ಬೇರೆ ದುಡ್ಡು.

ಹೋದ ಎರಡನ್ನಷ್ಟೇ ಬದಲಾಯಿಸು ಎಂದೆ. ಹಳಬರ ಜೊತೆ ಹೊಸಬರು ಹೊಂದಲ್ಲ, ಹೊಸ ಪ್ಯಾಕೇ ತಗೊಳ್ಳಿ ಎಂದ. ತಗೊಂಡೆ.

"ಚೆನ್ನಾಗಿರೋ ನಾಲ್ಕು?"

"ಬಿಟ್ಟೋಗಿ ಸಾರ್, ಟಾರ್ಚಿಗೆ ಹಾಕ್ಕೋತೀನಿ."