ಮಧ್ಯಾಹ್ನದ ಹಾಲು

ಸರ್ವರ್ ಸುಮ್ಮನೆ ಕೆಡುವುದಿಲ್ಲ. ಕೆಡುವ ಮೊದಲೂ ಹೇಳುತ್ತದೆ, ಕೆಡುವಾಗಲೂ ಹೇಳುತ್ತದೆ. ಹೇಳಿದ್ದನ್ನೆಲ್ಲ ತಾರೀಕು, ಟೈಮ್ ಸಮೇತ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅದೇ ಲಾಗ್. ಅದನ್ನು ಯಾರೂ ಓದುವುದಿಲ್ಲ, ಅಷ್ಟೇ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿರುವ ಸಣ್ಣ ಆಫೀಸು. ಕೆಳಗೆ ಓನರ್ ಮನೆ. ಅವರು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮೇಲೆ ನಾವೆಲ್ಲ ಸೀನುತ್ತೇವೆ. ಮಂಡ್ಯ ಜಿಲ್ಲೆಯ ಹಳ್ಳಿ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಜನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ತಂದು ಹಾಕುತ್ತಾರೆ. ಮಿಷನ್ನು ಫ್ಯಾಟ್ ನೋಡುತ್ತದೆ, ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ, ಅಂದರೆ ಎಸ್‌ಎನ್‌ಎಫ್ ನೋಡುತ್ತದೆ. ನಮ್ಮ ಸಾಫ್ಟ್‌ವೇರ್ ದುಡ್ಡಿನ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಅದೇ ಲೆಕ್ಕ ಮುಂಬೈಯಲ್ಲಿ ಬಾಡಿಗೆಗೆ ಹಿಡಿದ ಸರ್ವರಿಗೂ ಹೋಗುತ್ತದೆ.

ಈ ಸರ್ವರಿಗೆ ತೊಂದರೆಯಾದರೆ ನಮಗೆ ಗೊತ್ತಾಗುತ್ತಿದ್ದುದು ಒಂದೇ ದಾರಿಯಲ್ಲಿ. ಬೆಳಗಿನ ಜಾವ ಡೈರಿ ಸೆಕ್ರೆಟರಿ ಫೋನು ಮಾಡುತ್ತಿದ್ದರು.

"ಏನ್ ಸಾರ್ ನಿಮ್ ಮಿಸನ್ನು, ಚೀಟಿನೇ ಬತ್ತಿಲ್ಲ! ಜನ ಕ್ಯಾನ್ ಇಟ್ಕಂಡ್ ನಿಂತವ್ರೆ. ಹಾಲ್ ಒಡುದ್ರೆ ನೀವ್ ಕಟ್ಕೊಡ್ತೀರಾ?"

ಕಣ್ಣು ಬಿಡುವ ಮೊದಲೇ ಬೈಸಿಕೊಂಡು ಬಾಸಿಗೆ ಸಾಕಾಗಿತ್ತು. ಸೆಕ್ರೆಟರಿಗಿಂತ ಮೊದಲು ನಮಗೇ ತಿಳಿಯಬೇಕು, ಲಾಗುಗಳನ್ನೆಲ್ಲ ಒಂದೇ ಕಡೆ ತಂದು ಹುಡುಕುವ ಹಾಗೆ ಮಾಡಿ, ಗೋಡೆಯ ಟೀವಿಯಲ್ಲಿ ಗ್ರಾಫು ಓಡಬೇಕು ಅಂದರು. ಗ್ರಾಫ್ ಓಡುವ ಟೀವಿ ಇದ್ದರೆ ಬರುವವರಿಗೆ ಕಂಪನಿ ದೊಡ್ಡದಾಗಿ ಕಾಣುತ್ತದೆ ಅನ್ನುವುದೂ ಅವರ ಮನಸ್ಸಿನಲ್ಲಿತ್ತು. ನನಗೆ ಹಾಗನ್ನಿಸಿತು, ಅವರು ಹೇಳಲಿಲ್ಲ.

ಈ ಏರ್ಪಾಟಿನಲ್ಲಿ ಒಟ್ಟು ನಾಲ್ವರು, ಮನುಷ್ಯರಲ್ಲ, ಸಾಫ್ಟ್‌ವೇರುಗಳು. ಫೈಲ್‌ಬೀಟ್ ಸರ್ವರಿನಲ್ಲೇ ಕೂತು ಲಾಗ್ ಫೈಲಿಗೆ ಹೊಸ ಸಾಲು ಬಂದ ಹಾಗೆಲ್ಲ ಎತ್ತಿ ಕಳಿಸುತ್ತದೆ. ಲಾಗ್‌ಸ್ಟ್ಯಾಶ್ ಅದನ್ನು ಹಿಡಿದು ಟೈಮ್ ಯಾವುದು, ಡೈರಿ ಯಾವುದು, ತಪ್ಪು ಯಾವುದು ಅಂತ ಬಿಡಿಸುತ್ತದೆ. ಎಲಾಸ್ಟಿಕ್‌ಸರ್ಚ್ ಹುಡುಕಲು ಬರುವ ಹಾಗೆ ಜೋಡಿಸಿಡುತ್ತದೆ. ಕಿಬಾನಾ ಅದರಿಂದ ಗ್ರಾಫ್ ಬಿಡಿಸಿ ತೋರಿಸುತ್ತದೆ. ಈ ಕೊನೇ ಮೂವರೂ ಇರುವುದು ಬೇರೆಯೇ ಒಂದು ಹೊಸ ಬಾಡಿಗೆ ಯಂತ್ರದಲ್ಲಿ. ಎಲಾಸ್ಟಿಕ್‌ಸರ್ಚ್ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಶೇ ಬ್ಯಾನನ್ ಅನ್ನುವವರ ಹೆಂಡತಿ ಲಂಡನ್ನಿನಲ್ಲಿ ಅಡುಗೆ ಕಲಿಯುತ್ತಿದ್ದರು. ಅವರ ರೆಸಿಪಿಗಳನ್ನು ಹುಡುಕಲು ಏನಾದರೂ ಮಾಡಿಕೊಡೋಣ ಅಂತ ಗಂಡ ಕೂತರು. ಅದು ಬೆಳೆದೂ ಬೆಳೆದೂ 2010ರಲ್ಲಿ ಎಲಾಸ್ಟಿಕ್‌ಸರ್ಚ್ ಆಗಿ ಹೊರಬಂತು. ಹೆಂಡತಿ ಕೇಳಿದ್ದೊಂದು, ಗಂಡ ಮಾಡಿದ್ದಿನ್ನೊಂದು. ನಮ್ಮ ಮನೆಗಳಲ್ಲೂ ನಡೆಯುವುದು ಅದೇ, ದುಡ್ಡೊಂದು ಬರುವುದಿಲ್ಲ.

ಕೆಲಸಕ್ಕೆ ಆರಿಸಿಕೊಂಡ ದಿನ ಮಂಗಳವಾರ. ಅಕೌಂಟ್ಸ್ ನೋಡಿಕೊಳ್ಳುವ ಮೇಡಂ ಬೆಳಿಗ್ಗೆಯೇ ಬೇಡ ಅಂದಿದ್ದರು. ಅವರ ಟೇಬಲ್ ಡ್ರಾದಲ್ಲಿ ಕ್ಯಾಲ್ಕುಲೇಟರ್ ಪಕ್ಕದಲ್ಲೇ ಒಂಟಿಕೊಪ್ಪಲ್ ಪಂಚಾಂಗ ಇರುತ್ತದೆ. ಸಂಬಳ ಹಾಕುವುದಕ್ಕೂ ಅದನ್ನೊಮ್ಮೆ ತಿರುವಿ ನೋಡುತ್ತಾರೆ. "ಹೊಸ ಕೆಲಸ ಮಂಗಳವಾರ ಯಾಕೆ? ಅದೂ ಮೂರರಿಂದ ನಾಲ್ಕೂವರೆ ರಾಹುಕಾಲ. ಅದು ಮುಗಿಯೋ ತನಕ ಏನೂ ಆಗಲ್ಲ, ನೋಡ್ತಿರಿ" ಅಂದರು. ನಮ್ಮ ಟೀಮ್ ಲೀಡ್ ನಕ್ಕ.

ಹಳೇ ಲಾಗೆಲ್ಲ ಗೋಜಲು, ಅವು ಬೇಡ, ಹೊಸದಾಗಿ ಶುರುವಾಗಲಿ ಅಂತ ಬಾಸ್ ಅಂದಿದ್ದರಿಂದ ಬೆಳಗಿನ ಹಾಲು ಮುಗಿದ ಮೇಲೆ ಸರಿಯಾಗಿ ಹನ್ನೊಂದಕ್ಕೆ ಹೊಸ ಲಾಗ್ ಫೈಲ್ ತೆರೆದೆವು. ಹಾಲಿಲ್ಲದ ಹೊತ್ತಿನಲ್ಲೂ ನಮ್ಮ ಸರ್ವರ್ ನಿಮಿಷಕ್ಕೊಂದು ಸಾಲು ಬರೆಯುತ್ತದೆ, ಬದುಕಿದ್ದೇನೆ ಅಂತ. ಆ ಸಾಲುಗಳು ಕಿಬಾನಾದಲ್ಲಿ ಕಂಡರೆ ಸಾಕಿತ್ತು.

ಮೊದಲಿಗೆ ಫೈಲ್‌ಬೀಟ್ ಏಳಲೇ ಇಲ್ಲ. ಅದರ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನಲ್ಲಿ ಸಾಲು ಒಳಗೆ ತಳ್ಳಲು ಸ್ಪೇಸೇ ಒತ್ತಬೇಕು, ಟ್ಯಾಬ್ ಒತ್ತಿದರೆ ನಡೆಯದು. ಸ್ಪೇಸೂ ಟ್ಯಾಬೂ ಕಣ್ಣಿಗೆ ಒಂದೇ, ಎರಡೂ ಕಾಣುವುದಿಲ್ಲ. ಅದಾದ ಮೇಲೆ ಫೈರ್‌ವಾಲ್ ಅನ್ನುವ ಕಾವಲುಗಾರ ಲಾಗ್ ಹೋಗಬೇಕಾದ 5044ನೇ ಪೋರ್ಟ್ ಅನ್ನುವ ಬಾಗಿಲನ್ನು ತೆರೆಯುತ್ತಿರಲಿಲ್ಲ. ಇವೆಲ್ಲ ಮಾಮೂಲಿ. ಊಟಕ್ಕೆ ಮೊದಲೇ ಮುಗಿದವು. ಅಲ್ಲೀತನಕ ಬರೆದ ಸಾಲುಗಳನ್ನು ಫೈಲ್‌ಬೀಟ್ ಮೊದಲಿನಿಂದ ಓದಿ ಕಳಿಸಿಯೂ ಬಿಟ್ಟಿತು.

ನಿಜವಾದ ಕಷ್ಟ ಶುರುವಾದದ್ದು ಎಲ್ಲವೂ ಸರಿಯಾದ ಮೇಲೆ. ಕಿಬಾನಾ ತೆರೆದರೆ ಖಾಲಿ. ಹುಡುಕಿದ್ದು ಏನೂ ಸಿಗಲಿಲ್ಲ ಅಂತ ಒಂದು ವಿನಯದ ಸಾಲು, ಅಷ್ಟೇ.

ಎಲ್ಲಿ ತಡೆದಿದೆ ಅಂತ ಒಬ್ಬೊಬ್ಬರನ್ನೇ ವಿಚಾರಿಸಿದೆವು. ತಾಲ್ಲೂಕು ಆಫೀಸಿನಲ್ಲಿ ಫೈಲ್ ಹಿಂದೆ ಬಿದ್ದವರಿಗೆ ಈ ಅನುಭವ ಇರುತ್ತದೆ. ಫೈಲ್‌ಬೀಟ್ ಕೇಳಿದರೆ "ನಾನು ಆಗಲೇ ಮುಂದಕ್ಕೆ ಕಳಿಸಿದೀನಿ." ಲಾಗ್‌ಸ್ಟ್ಯಾಶ್ ಕೇಳಿದರೆ "ನನ್ನ ಟೇಬಲ್ಲಿಂದ ಹೋಗಿದೆ, ಒಳಗೆ ಕೇಳಿ." ಎಲಾಸ್ಟಿಕ್‌ಸರ್ಚ್ ಕೇಳಿದರೆ ರಿಜಿಸ್ಟರ್ ತೆಗೆದು ಲೆಕ್ಕವನ್ನೇ ತೋರಿಸಿತು. ಬಂದ ದಾಖಲೆಗಳು ನಿಮಿಷ ನಿಮಿಷಕ್ಕೂ ಏರುತ್ತಿವೆ. ಕೊನೇ ಕೌಂಟರಿನಲ್ಲಿ ಕೂತ ಕಿಬಾನಾ ಮಾತ್ರ "ಅಂಥದ್ದು ಯಾವುದೂ ನಮ್ಮ ಹತ್ರ ಬಂದಿಲ್ವಲ್ಲಾ" ಅನ್ನುತ್ತದೆ. ಯಾರದ್ದೂ ತಪ್ಪಿಲ್ಲ. ಕೆಲಸ ಮಾತ್ರ ಆಗಿಲ್ಲ.

ಕಿಬಾನಾ ಮಾಮೂಲಿಯಾಗಿ ಕಳೆದ 15 ನಿಮಿಷದ್ದು ತೋರಿಸುತ್ತದೆ. ಅದನ್ನು ಕಳೆದ 24 ಗಂಟೆ ಮಾಡಿದೆವು. ಖಾಲಿ. ಕಳೆದ ಒಂದು ವರ್ಷ ಮಾಡಿದೆವು. ಖಾಲಿ. ಎಲಾಸ್ಟಿಕ್‌ಸರ್ಚಿನಿಂದ ಒಂದೇ ಒಂದು ದಾಖಲೆಯನ್ನು ಹೊರಗೆಳೆದು ಪರದೆಯ ಮೇಲೆ ಹಾಕಿ ನೋಡಿದೆವು. ನಮ್ಮ ಲಾಗ್ ಸಾಲಿನಲ್ಲಿ 11:05:00. ಅದರ ಮೇಲೆ ಲಾಗ್‌ಸ್ಟ್ಯಾಶ್ ಒತ್ತಿದ ಟೈಮಿನ ಮೊಹರಿನಲ್ಲೂ 11:05:00. ಟೈಮ್ ಕರೆಕ್ಟಾಗಿದೆಯಲ್ಲ, ಇನ್ನೇನು ಕೇಡು ಅಂತ ಲೀಡ್ ತಲೆ ಕೆರೆದುಕೊಂಡ. ಲಾಗ್‌ಸ್ಟ್ಯಾಶ್ ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಬಂದ ಸಾಲನ್ನೆಲ್ಲ ಬಿಡಿಸಿ ಬಿಡಿಸಿ ಪರದೆಗೆ ಕಾರುವ ರೂಬಿಡೀಬಗ್ ಅನ್ನುವುದನ್ನೂ ಹಚ್ಚಿಟ್ಟ.

ಈ ಗಲಾಟೆ ನಡುವೆ ಎಲಾಸ್ಟಿಕ್‌ಸರ್ಚಿನ ಆರೋಗ್ಯ ಹಳದಿ ಬಣ್ಣ ತೋರಿಸುತ್ತಿತ್ತು. ದಾಖಲೆಗಳ ನಕಲನ್ನು ಅದು ಬೇರೆ ಯಂತ್ರದಲ್ಲೇ ಇಡಬೇಕು ಅನ್ನುತ್ತದೆ, ಇರುವುದು ಒಂದೇ ಯಂತ್ರ, ಅದಕ್ಕೇ ಹಳದಿ. ಬಾಸಿಗೆ ಗಾಬರಿ. ಮೇಡಂ ಮಾತ್ರ ಸಮಾಧಾನವಾಗಿ "ಅರಿಶಿನ ಬಣ್ಣ ಅಲ್ವಾ, ಒಳ್ಳೇದೇ ಬಿಡಿ" ಅಂದರು.

ಮೂರು ಗಂಟೆ ಆಯಿತು. ರಾಹುಕಾಲ ಶುರು ಅಂತ ಮೇಡಂ ಲೆಡ್ಜರ್ ಮುಚ್ಚಿದರು. ನಾವು ಎಲ್ಲವನ್ನೂ ಆರಿಸಿ ಹಚ್ಚಿದೆವು. ಖಾಲಿ. ನಾಲ್ಕು ಗಂಟೆಗೆ ಕಾಫಿ ಬಂತು. ಖಾಲಿ. ಬಾಸ್ ಕುರ್ಚಿ ಎಳೆದುಕೊಂಡು ಟೀವಿ ಮುಂದೆಯೇ ಕೂತರು.

ನಾಲ್ಕೂವರೆ. ಗ್ರಾಫಿನ ಬಲ ತುದಿಯಲ್ಲಿ ಒಂದು ಹಸಿರು ಕಡ್ಡಿ ಎದ್ದಿತು. ಆಮೇಲೆ ಇನ್ನೊಂದು. ಬದುಕಿದ್ದೇನೆ, ಬದುಕಿದ್ದೇನೆ, ಬದುಕಿದ್ದೇನೆ ಅಂತ ಸಾಲುಗಳು ಇಳಿಯತೊಡಗಿದವು. ಯಾರೂ ಕೀಬೋರ್ಡ್ ಮುಟ್ಟಿರಲಿಲ್ಲ.

ಮೇಡಂ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ಲೆಡ್ಜರ್ ತೆರೆದರು. ಒಂದು ಮಾತೂ ಆಡಲಿಲ್ಲ. ಆ ಕ್ಷಣದಿಂದ ಆಫೀಸಿನ ತಾಂತ್ರಿಕ ಸಲಹೆಗಾರರು ಯಾರು ಅನ್ನುವುದರಲ್ಲಿ ಬಾಸಿಗೆ ಅನುಮಾನ ಉಳಿಯಲಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಲೀಡ್, ಈ ಹೊಸ ಯಂತ್ರದ ಸ್ವಂತ ಲಾಗೂ ಬರಲಿ ಅಂತ ಅದಕ್ಕೂ ಒಂದು ಫೈಲ್‌ಬೀಟ್ ಹಾಕಿ ಮನೆಗೆ ಹೋದ. ರೂಬಿಡೀಬಗ್ ಹಾಗೇ ಉರಿಯುತ್ತಿತ್ತು. ಈಗ ನೋಡಿ ಮಜಾ. ಲಾಗ್‌ಸ್ಟ್ಯಾಶ್ ಕಾರಿದ್ದು ಆ ಯಂತ್ರದ ಸಿಸ್ಟಮ್ ಲಾಗಿಗೆ ಹೋಗಿ ಬೀಳುತ್ತದೆ. ಅದನ್ನು ಹೊಸ ಫೈಲ್‌ಬೀಟ್ ಎತ್ತಿ ಮತ್ತೆ ಲಾಗ್‌ಸ್ಟ್ಯಾಶಿಗೇ ಕೊಡುತ್ತದೆ. ಅದು ಮತ್ತೆ ಬಿಡಿಸಿ ಕಾರುತ್ತದೆ. ಒಂದು ಸಾಲು ಒಳಗೆ ಹೋದರೆ ಹತ್ತಾರು ಸಾಲು ಹೊರಗೆ, ಆ ಒಂದೊಂದಕ್ಕೂ ಮತ್ತೆ ಹತ್ತಾರು. ತನ್ನ ಮಾತು ತಾನೇ ಕೇಳಿಸಿಕೊಂಡು, ಅದಕ್ಕೆ ತಾನೇ ಉತ್ತರ ಕೊಟ್ಟುಕೊಂಡು ಬೆಳಗಾಗುವ ಹೊತ್ತಿಗೆ ಡಿಸ್ಕ್ ತುಂಬಿ ತುಳುಕಿತ್ತು. ಡಿಸ್ಕ್ ಶೇಕಡ 85 ತುಂಬಿದರೆ ಎಲಾಸ್ಟಿಕ್‌ಸರ್ಚ್ ಹುಷಾರಾಗುತ್ತದೆ. 90 ದಾಟಿದರೆ ಸರಕನ್ನು ಬೇರೆ ಯಂತ್ರಕ್ಕೆ ಸಾಗಿಸಲು ನೋಡುತ್ತದೆ. ನಮಗೆ ಬೇರೆ ಯಂತ್ರವೇ ಇಲ್ಲ. 95 ಆದರೆ ಓದುವುದು, ಅಳಿಸುವುದು ಬಿಟ್ಟು ಹೊಸದಾಗಿ ಬರೆಯುವುದು ಬಂದ್. ಬೆಳಿಗ್ಗೆ ಟೀವಿಯಲ್ಲಿ ಗ್ರಾಫ್ ಮಲಗಿತ್ತು.

"ದೃಷ್ಟಿ ಆಗಿರಬೇಕು. ನಿನ್ನೆ ಎಲ್ಲರೂ ಬಾಯಿ ಬಿಟ್ಕೊಂಡು ನೋಡ್ತಿದ್ರಿ" ಅಂದರು ಮೇಡಂ.

ರೂಬಿಡೀಬಗ್ ಆರಿಸಿ, ಕಸ ಅಳಿಸಿ ಜಾಗ ಮಾಡಿಕೊಟ್ಟೆವು. ಅದಾದ ಮೇಲೆ ಎಲ್ಲವೂ ನೆಟ್ಟಗೆ ನಡೆಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಒಂದೇ ಒಂದು ಕೊರತೆ. ಬೆಳಿಗ್ಗೆ ಕಾಲು ಗಂಟೆ ಚೀಟಿ ನಿಂತು, ಸೆಕ್ರೆಟರಿ ಬೈದು, ನಾವು ಸರಿಮಾಡಿ, ತಿಂಡಿ ತಿಂದು, ಆಫೀಸಿಗೆ ಬಂದು ಕೂತ ಎಷ್ಟೋ ಹೊತ್ತಿನ ಮೇಲೆ ಟೀವಿಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಡೇಟಾ ಜಾಸ್ತಿ, ಅದಕ್ಕೇ ಲೇಟು ಅಂತ ಲೀಡ್ ಸಮಜಾಯಿಷಿ ಕೊಟ್ಟ. "ಲೇಟಾದ್ರೂ ಬರುತ್ತಲ್ಲ, ನಮ್ಮಲ್ಲಿ ಕೆಲವರು ಬರೋದೇ ಇಲ್ಲ" ಅಂತ ಬಾಸ್ ನನ್ನ ಪಕ್ಕದ ಕುರ್ಚಿ ನೋಡಿದರು.

ಪಕ್ಕದ ಕುರ್ಚಿಯ ಹುಡುಗ ಮದ್ದೂರು ಕಡೆಯವನು. ದಿನಾ ರೈಲಿನಲ್ಲಿ ಓಡಾಡುತ್ತಾನೆ, ರೈಲಿಗೆ ತಕ್ಕಂತೆ ಬರುತ್ತಾನೆ. ಮನೆಯಲ್ಲಿ ಹಸುಗಳಿವೆ. ಹೊರಡುವ ಮೊದಲು ಹಾಲು ಕರೆದು ಡೈರಿಗೆ ಹಾಕಿ ಬರುವುದು ಅವನ ಪಾಲಿನ ಕೆಲಸ. ಒಂದು ದಿನ ಟೀವಿ ಮುಂದೆ ನಿಂತು ಟೀ ಕುಡಿಯುತ್ತಿದ್ದವನು ಲೋಟ ಇಳಿಸಿದ. ಪರದೆಯಲ್ಲಿ ಹಿಂದಿನ ದಿನದ ಪೂರ್ತಿ ಗ್ರಾಫ್ ಇತ್ತು. ಬೆಳಗಿನ ಹಾಲಿಗೊಂದು ಏರು, ಸಂಜೆ ಹಾಲಿಗೊಂದು ಏರು. ಬಾಸ್ ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದರು.

"ಸಾರ್, ಇದ್ಯಾವ ಊರಿಂದು?"

"ನಿಮ್ಮ ಕಡೇದೇ. ಯಾಕೆ?"

"ನಮ್ ಕಡೆ ಮಟಮಟ ಮಧ್ಯಾಹ್ನ ಯಾರೂ ಹಾಲ್ ಕರಿಯಲ್ಲ. ರಾತ್ರಿ ಹನ್ನೊಂದ್ಕಂತೂ ಹಸುಗೇ ನಿದ್ದೆ."

ನಾವೆಲ್ಲ ಆ ಗ್ರಾಫನ್ನು ದಿನಾ ನೋಡಿದ್ದೆವು. ಏರು ಇದೆ ಅಂತ ನೋಡಿದ್ದೆವು, ಎಷ್ಟು ಹೊತ್ತಿನಲ್ಲಿ ಇದೆ ಅಂತ ಯಾರು ನೋಡುತ್ತಾರೆ? ಬೆಳಿಗ್ಗೆ ಆರೂವರೆಯ ಹಾಲು ಹನ್ನೆರಡಕ್ಕೆ ಕೂತಿತ್ತು. ಸಂಜೆ ಐದೂವರೆಯದು ರಾತ್ರಿ ಹನ್ನೊಂದಕ್ಕೆ. ಎರಡಕ್ಕೂ ಐದೂವರೆ ಗಂಟೆ ಅಂತರ. ಈ ಐದೂವರೆ ಗೊತ್ತಿಲ್ಲದ ಸಾಫ್ಟ್‌ವೇರಿನವರು ನಮ್ಮ ದೇಶದಲ್ಲೇ ಇಲ್ಲ. ಯುಟಿಸಿ ಅನ್ನುವ ವಿಶ್ವ ಸಮಯಕ್ಕಿಂತ ನಾವು ಅಷ್ಟು ಮುಂದಿದ್ದೇವೆ.

ಮಂಗಳವಾರ ಹೊರಗೆಳೆದು ನೋಡಿದ್ದ ಆ ದಾಖಲೆಯನ್ನೇ ಮತ್ತೆ ತೆಗೆದೆವು. ಲಾಗ್ ಸಾಲಿನಲ್ಲಿ 11:05:00. ಮೊಹರಿನಲ್ಲೂ 11:05:00. ಅದರ ಬಾಲದಲ್ಲಿ, ಸೊನ್ನೆಗಳೆಲ್ಲ ಮುಗಿದ ಮೇಲೆ, ಒಂದು ಪುಟ್ಟ ಇಂಗ್ಲಿಷ್ ಜೆಡ್. ಇದು ಯುಟಿಸಿ ಲೆಕ್ಕ ಅನ್ನುವುದಕ್ಕೆ ಆ ಒಂದೇ ಅಕ್ಷರ ಗುರುತು. ಡೈರಿ ಸರ್ವರಿನ ಗಡಿಯಾರ ನಮ್ಮ ಸಮಯದಲ್ಲಿತ್ತು. ಆದರೆ ಲಾಗ್ ಸಾಲಿನಲ್ಲಿ ಯಾವ ದೇಶದ ಸಮಯ ಅಂತ ಬರೆದಿರಲಿಲ್ಲ. ಹೊಸ ಯಂತ್ರ, ಬಾಡಿಗೆ ಯಂತ್ರಗಳು ಸಾಮಾನ್ಯವಾಗಿ ಇರುವ ಹಾಗೆ, ಯುಟಿಸಿಯಲ್ಲಿತ್ತು. ಹೇಳದೇ ಇದ್ದರೆ ಲಾಗ್‌ಸ್ಟ್ಯಾಶ್ ತಾನಿರುವ ಯಂತ್ರದ ಸಮಯವೇ ಅಂದುಕೊಳ್ಳುತ್ತದೆ. ಹಾಗಾಗಿ ನಮ್ಮ ಹನ್ನೊಂದು ಗಂಟೆ ಅದಕ್ಕೆ ಯುಟಿಸಿ ಹನ್ನೊಂದು. ಕಿಬಾನಾ ಅದನ್ನು ನಮ್ಮ ಬ್ರೌಸರಿನ ಸಮಯಕ್ಕೆ ತಿರುಗಿಸಿದಾಗ ಸಂಜೆ ನಾಲ್ಕೂವರೆ. ನಾವು ಒಂದು ವರ್ಷ ಹಿಂದಕ್ಕೆ ಹೋಗಿ ಹುಡುಕಿದ ಸಾಲುಗಳೆಲ್ಲ ಮುಂದೆ ಕೂತಿದ್ದವು. ಇನ್ನೂ ಆಗಿಲ್ಲದ ಹೊತ್ತಿನಲ್ಲಿ ಲಾಗ್ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ?

ಪರಿಹಾರ ಒಂದೇ ಸಾಲು. ಟೈಮ್‌ಜೋನ್ ಏಷ್ಯಾ, ಕೋಲ್ಕತಾ ಅಂತ ಬರೆಯಬೇಕು. ಮೈಸೂರು ಅಂತ ಬರೆಯಲು ಆ ಪಟ್ಟಿಯಲ್ಲಿ ಮೈಸೂರಿಲ್ಲ. ಮೇಡಂಗೆ ಇದು ಸರಿಬರಲಿಲ್ಲ. "ಊರಿಂದೂರಿಗೆ ಸೂರ್ಯೋದಯವೇ ಬೇರೆ" ಅಂತ ಪಂಚಾಂಗ ತೆಗೆದರು. ಅವರ ಮಾತಿನಲ್ಲೂ ಹುರುಳಿದೆ. ಭಾರತದ ಸಮಯವನ್ನು ಲೆಕ್ಕ ಹಾಕುವುದು 82.5 ಡಿಗ್ರಿ ರೇಖಾಂಶದ ಮೇಲೆ, ಉತ್ತರ ಪ್ರದೇಶದ ಮಿರ್ಜಾಪುರದ ಕಡೆ. ಮೈಸೂರಿನ ನೆತ್ತಿಗೆ ಸೂರ್ಯ ಬರುವುದು ಅಲ್ಲಿಗಿಂತ ಸುಮಾರು 23 ನಿಮಿಷ ತಡವಾಗಿ. ನಮ್ಮೂರಿನವರಿಗೆ ಯಾವುದಕ್ಕೂ ಅವಸರ ಇಲ್ಲ ಅನ್ನುವವರಿಗೆ ಇದನ್ನು ಹೇಳಬಹುದು.

ಲೀಡ್ ಮಂಗಳವಾರದ ನಾಲ್ಕೂವರೆಯ ರಹಸ್ಯವನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಮೇಡಂಗೆ ವಿವರಿಸಿದ. ರಾಹುವಿಗೂ ಇದಕ್ಕೂ ಸಂಬಂಧವಿಲ್ಲ, ಬರೀ ಟೈಮ್ ತಪ್ಪಿತ್ತು ಅಂದ.

"ನಾನೂ ಅದನ್ನೇ ತಾನೆ ಹೇಳಿದ್ದು? ಟೈಮ್ ಸರಿ ಇಲ್ಲ ಅಂತ."

ಲೀಡ್ ಬೋರ್ಡ್ ಒರೆಸಿದ.

ಆ ಸಾಲನ್ನು ಸೇರಿಸಿದ್ದು ಮಾರನೇ ದಿನ ಬೆಳಗಿನ ಹಾಲು ಮುಗಿದ ಮೇಲೆ, ಹತ್ತು ಗಂಟೆ ಸುಮಾರಿಗೆ. ಅಲ್ಲಿಂದ ಮುಂದೆ ಬಂದ ಸಾಲುಗಳೆಲ್ಲ ಸರಿಯಾದ ಹೊತ್ತಿಗೆ ಬಿದ್ದವು. ಆದರೆ ಒಮ್ಮೆ ಒತ್ತಿದ ಮೊಹರನ್ನು ಎಲಾಸ್ಟಿಕ್‌ಸರ್ಚ್ ತಾನಾಗಿ ತಿದ್ದುವುದಿಲ್ಲ. ಆ ಬೆಳಗಿನ ಹಾಲೆಲ್ಲ ಆಗಲೇ ಮಧ್ಯಾಹ್ನದ ಮೊಹರು ಹಾಕಿಸಿಕೊಂಡು ಒಳಗೆ ಕಾಯುತ್ತಿತ್ತು. ಅದೇ ದಿನ ಬೇರೆ ಜಿಲ್ಲೆಯಿಂದ ಡೈರಿ ಕಡೆಯವರೊಬ್ಬರು ನಮ್ಮ ಸಾಫ್ಟ್‌ವೇರ್ ನೋಡಲು ಬಂದಿದ್ದರು. ಹನ್ನೆರಡಾಗಿತ್ತು. ಬಾಸ್ ಅವರನ್ನು ಟೀವಿ ಮುಂದೆ ನಿಲ್ಲಿಸಿ "ನೋಡಿ ಸಾರ್, ಇದು ಲೈವ್. ಈ ಕ್ಷಣಕ್ಕೆ ಮಂಡ್ಯದಲ್ಲಿ ಏನಾಗ್ತಿದೆ ಅನ್ನೋದು ಇಲ್ಲೇ ಗೊತ್ತಾಗುತ್ತೆ" ಅಂದರು. ಗ್ರಾಫ್ ಜೋರಾಗಿ ಏರುತ್ತಿತ್ತು. ಬಂದವರು ಕೈಗಡಿಯಾರ ನೋಡಿಕೊಂಡರು. ಟೀವಿ ನೋಡಿದರು. ಕಿಟಕಿಯಾಚೆ ಸುಡುವ ಬಿಸಿಲು ನೋಡಿದರು.

"ಮಧ್ಯಾಹ್ನವೂ ಹಾಲು ತಗೋತಾರಾ?"

ಬಾಸ್ ಒಂದು ಸಲ ನಮ್ಮ ಕಡೆ ತಿರುಗಿದರು. ಲೀಡ್ ತಲೆ ಬಗ್ಗಿಸಿ ಕೀಬೋರ್ಡ್ ಒರೆಸುತ್ತಿದ್ದ. ಮದ್ದೂರಿನ ಹುಡುಗ ಕೆಮ್ಮಿದ.

"ಹೌದು ಸಾರ್. ಕೆಲವು ಊರಲ್ಲಿ ಮೂರು ಹೊತ್ತು ಶುರು ಮಾಡಿದೀವಿ. ಪೈಲಟ್ ಪ್ರಾಜೆಕ್ಟ್."

ಅವರು ಬ್ಯಾಗಿನಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬಾಸಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು.

"ಹಿಂಡಿ ಯಾವುದು ಹಾಕ್ತೀರಾ ಸಾರ್?"